ಬಂದ ದಾರಿಗೂ ಸುಂಕವಿರುವ ಮನೆ

ಬೇಕರ್ ಕುಟುಂಬದ ಮನೆಯ ನೆಲಮಾಳಿಗೆಯ ಬಾಗಿಲ ಮುಂದೆ ನಾನು ನಿಂತಿದ್ದೆ. ಪಿಸ್ತೂಲಿನಲ್ಲಿ ಐದು ಗುಂಡುಗಳಿದ್ದವು, ಚೀಲದಲ್ಲಿ ಒಂದೇ ಒಂದು ಔಷಧಿಯ ಬಾಟಲಿ ಉಳಿದಿತ್ತು, ಬಾಗಿಲಿನಾಚೆ ಕಪ್ಪು ಕೆಸರಿಗೆ ಕೈಕಾಲು ಮೂಡಿದಂತೆ ಕಾಣುವ ಎರಡು ಆಕೃತಿಗಳು ತೂರಾಡುತ್ತ ಓಡಾಡುತ್ತಿದ್ದವು. ಅವು ತಲೆಯನ್ನು ಅತ್ತಿತ್ತ ಹೊಯ್ದಾಡಿಸುತ್ತ ಬರುವುದರಿಂದ ಹಾರಿಸಿದ ಗುಂಡುಗಳಲ್ಲಿ ಒಂದೆರಡಾದರೂ ಗುರಿ ತಪ್ಪುತ್ತವೆ ಎಂಬುದು ಆ ವೇಳೆಗೆ ನನಗೆ ಗೊತ್ತಾಗಿತ್ತು. ಒಂದನ್ನು ಕೊಂದು ಇನ್ನೊಂದರ ಪಕ್ಕದಿಂದ ನುಸುಳಿ ಹೋಗಬಹುದು, ಆದರೆ ಬೇಕಾದ ವಸ್ತುವನ್ನು ತೆಗೆದುಕೊಂಡ ಮೇಲೆ ಅದೇ ಇಕ್ಕಟ್ಟಿನ ದಾರಿಯಲ್ಲಿ ವಾಪಸು ಬರಬೇಕು, ಆಗ ಆ ಎರಡನೆಯದು ಎಲ್ಲಿ ನಿಂತಿರುತ್ತದೆಯೋ ಹೇಳಲಾಗದು. ಹೀಗೆ ಲೆಕ್ಕ ಹಾಕುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಕಂಟ್ರೋಲರ್ ಹಿಡಿದ ಕೈ ಬೆವರಿತ್ತು. ಆ ಕ್ಷಣದಲ್ಲಿಯೇ ನನಗೆ ಹೊಳೆದದ್ದು, ಈ ಸರಣಿಯ ಆಟವೊಂದರಲ್ಲಿ ನಾನು ಕೊನೆಯ ಬಾರಿ ಗುಂಡುಗಳನ್ನು ಎಣಿಸಿ ಹತ್ತಾರು ವರ್ಷಗಳೇ ಆಗಿದ್ದವು ಎಂದು.

ಆ ಆಟ ರೆಸಿಡೆಂಟ್ ಈವಿಲ್ ಎಂಬ ಹೆದರಿಕೆಯ ವಿಡಿಯೋ ಗೇಮ್ ಸರಣಿಯ ಏಳನೆಯ ಕಂತು, ರೆಸಿಡೆಂಟ್ ಈವಿಲ್ 7. ಅದು 2017ರ ಜನವರಿಯಲ್ಲಿ ಬಿಡುಗಡೆಯಾಯಿತು. ಅದಕ್ಕೂ ಹಿಂದಿನ ಎರಡು ಮುಖ್ಯ ಕಂತುಗಳನ್ನು ಆಡಿ ಮುಗಿಸಿದಾಗ ನನಗೆ ಕೋಪಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು, ಏಕೆಂದರೆ ಅವು ದುಡ್ಡು ಖರ್ಚು ಮಾಡದೆ, ಶ್ರಮಪಡದೆ ಮಾಡಿದ ಆಟಗಳಾಗಿರಲಿಲ್ಲ. ದುಡ್ಡೂ ಇತ್ತು, ಶ್ರಮವೂ ಇತ್ತು, ಹಳೆಯ ಪಾತ್ರಗಳೂ ಇದ್ದವು. ಇಲ್ಲದಿದ್ದುದು ಒಂದೇ, ಮತ್ತು ಅದು ಏನೆಂದು ನನಗೆ ಆಗ ಸ್ಪಷ್ಟವಾಗಿ ಹೇಳಲು ಬರುತ್ತಿರಲಿಲ್ಲ. ಬಹಳಷ್ಟು ಅಭಿಮಾನಿಗಳ ಹಾಗೆ ನಾನೂ ಹಳೆಯ ಕ್ಯಾಮೆರಾ ಕೋನಗಳು ಬೇಕು, ಎದ್ದು ಓಡಾಡುವ ಹೆಣಗಳಾದ ಹಳೆಯ ಜಾಂಬಿಗಳು ಬೇಕು, ಹಳೆಯ ನಿಧಾನಗತಿ ಬೇಕು ಎನ್ನುತ್ತಿದ್ದೆ. ಬಂದ ಆಟದಲ್ಲಿ ಅವ್ಯಾವುವೂ ಇರಲಿಲ್ಲ. ಆದರೂ ಕಳೆದುಹೋಗಿದ್ದುದು ಸಿಕ್ಕಿತ್ತು. ಅದು ಏನಾಗಿತ್ತು ಎಂಬುದನ್ನು ಬರೆದಿಡಬೇಕೆಂದು ಆಗಿನಿಂದಲೂ ಮನಸ್ಸಿನಲ್ಲಿತ್ತು.

ಮೊದಲ ಆಟದಿಂದಲೇ ಹೇಳಬೇಕಾಗುತ್ತದೆ. ಜಪಾನಿನಲ್ಲಿ ಬಯೋಹಜಾರ್ಡ್ ಎಂಬ ಹೆಸರಿನಿಂದ 1996ರ ಮಾರ್ಚ್ ತಿಂಗಳಲ್ಲಿ ಕ್ಯಾಪ್‌ಕಾಮ್ ಕಂಪನಿ ಬಿಡುಗಡೆ ಮಾಡಿದ, ಶಿಂಜಿ ಮಿಕಾಮಿ ನಿರ್ದೇಶಿಸಿದ ಈ ಆಟದ ಬೀಜ 1989ರ ಸ್ವೀಟ್ ಹೋಮ್ ಎಂಬ ಆಟದಲ್ಲಿತ್ತು. ಅದೂ ದೆವ್ವದ ಮಹಲೊಂದರ ಕಥೆಯೇ. ಅದನ್ನು ಮಾಡಿದ್ದ ತೊಕುರೊ ಫುಜಿವಾರ ಅವರೇ ಮಿಕಾಮಿಗೆ ಹೊಸ ಆಟದ ಹೊಣೆ ವಹಿಸಿದರು. ಕಾಡಿನ ನಡುವಿನ ಸ್ಪೆನ್ಸರ್ ಮಹಲಿಗೆ ಓಡಿ ಬಂದು ಸಿಕ್ಕಿಬೀಳುವ ವಿಶೇಷ ಪೊಲೀಸ್ ಪಡೆಯವರಲ್ಲಿ ನಾವು ಒಬ್ಬರನ್ನು ಆರಿಸಿಕೊಳ್ಳಬೇಕು. ಜಿಲ್ ವ್ಯಾಲೆಂಟೈನ್ ಎಂಟು ವಸ್ತುಗಳನ್ನು ಹೊರಬಲ್ಲಳು, ಕ್ರಿಸ್ ರೆಡ್‌ಫೀಲ್ಡ್ ಆರನ್ನು ಮಾತ್ರ. ಪಿಸ್ತೂಲು ಒಂದು ಜಾಗ ಹಿಡಿಯುತ್ತದೆ, ಗುಂಡುಗಳು ಒಂದು, ಗಾಯಕ್ಕೆ ಹಚ್ಚುವ ಸೊಪ್ಪು ಒಂದು, ಕೀಲಿಕೈ ಒಂದು. ಆಡಿದಷ್ಟನ್ನು ಉಳಿಸಿಕೊಳ್ಳಲು, ಅಂದರೆ ಸೇವ್ ಮಾಡಲು, ಟೈಪ್‌ರೈಟರ್ ಇದೆ, ಆದರೆ ಅದಕ್ಕೆ ಇಂಕ್ ರಿಬ್ಬನ್ ಬೇಕು, ಆ ರಿಬ್ಬನ್ ಇಟ್ಟುಕೊಳ್ಳಲು ಮತ್ತೊಂದು ಜಾಗ ಬೇಕು, ಮತ್ತು ರಿಬ್ಬನ್‌ಗಳು ಎಣಿಸಿ ಇಟ್ಟಷ್ಟೇ ಇವೆ. ಹೀಗಾಗಿ ಪ್ರತಿಯೊಂದು ಬಾರಿ ಸುರಕ್ಷಿತ ಕೋಣೆಯಿಂದ ಹೊರಡುವಾಗಲೂ ಪೆಟ್ಟಿಗೆಯಲ್ಲಿ ಏನನ್ನು ಬಿಡಬೇಕು, ಏನನ್ನು ಒಯ್ಯಬೇಕು ಎಂಬ ತೀರ್ಮಾನವನ್ನು ಮಾಡಲೇಬೇಕು.

ಈ ಆಟದ ಹೆದರಿಕೆಯ ಬಗ್ಗೆ ಮಾತು ಬಂದಾಗಲೆಲ್ಲ ಕಿಟಕಿಯ ಗಾಜು ಒಡೆದು ಒಳನುಗ್ಗುವ ನಾಯಿಯ ಪ್ರಸಂಗವನ್ನು ಎಲ್ಲರೂ ನೆನೆಯುತ್ತಾರೆ. ಅದು ಒಂದು ಸಲ ಬೆಚ್ಚಿಬೀಳಿಸುತ್ತದೆ, ನಿಜ. ಆದರೆ ನನ್ನನ್ನು ಹಿಡಿದಿಟ್ಟದ್ದು ಆ ನಾಯಿ ಹೋದ ಮೇಲೂ ಉಳಿಯುವ ಕಾರಿಡಾರು. ಮಹಲಿನ ಬಾಗಿಲುಗಳಿಗೆ ಖಡ್ಗ, ಕವಚ, ಗುರಾಣಿ, ಶಿರಸ್ತ್ರಾಣಗಳ ಗುರುತಿರುವ ಬೇರೆಬೇರೆ ಕೀಲಿಕೈಗಳು ಬೇಕು. ಯಾವುದೋ ಮೂಲೆಯಲ್ಲಿ ಕೀಲಿಕೈ ಸಿಕ್ಕಿದಾಗ, ಅರ್ಧ ಗಂಟೆಯ ಹಿಂದೆ ಎಳೆದು ನೋಡಿ ಬಿಟ್ಟುಬಂದ ಬಾಗಿಲು ಎಲ್ಲಿತ್ತು ಎಂದು ನೆನಪು ಮಾಡಿಕೊಂಡು ಹಿಂದಿರುಗಿ ನಡೆಯಬೇಕು. ಆ ನಡಿಗೆಯಲ್ಲಿ ಮಹಲು ನಿಧಾನವಾಗಿ ನಮ್ಮದಾಗುತ್ತದೆ: ಇಲ್ಲಿ ಒಂದನ್ನು ಕೊಂದಿದ್ದೇನೆ, ಅಲ್ಲಿ ಒಂದನ್ನು ಬಿಟ್ಟು ಓಡಿದ್ದೇನೆ, ಈ ತಿರುವಿನಲ್ಲಿ ಗೋಡೆಗೆ ಅಂಟಿಕೊಂಡು ಹೋದರೆ ಅದು ಹಿಡಿಯಲಾರದು. ಬಂದ ದಾರಿಗೆ ಸುಂಕವಿಲ್ಲ ಎಂಬುದು ನಮ್ಮ ಗಾದೆ. ಈ ಮಹಲಿನಲ್ಲಿ ಬಂದ ದಾರಿಗೇ ಸುಂಕ ಹೆಚ್ಚು. ಕಾವಲುಗಾರರ ಮನೆಯಿಂದ ಮಹಲಿಗೆ ಮರಳುವ ಹೊತ್ತಿಗೆ, ನಾವು ನಡೆದುಬಂದ ಅದೇ ಹಾದಿಯಲ್ಲಿ ಯಾವುದೋ ಪ್ರಾಣಿ ಓಡಿಬರುತ್ತಿರುವುದನ್ನು ಅದರ ಕಣ್ಣಿನಿಂದಲೇ ತೋರಿಸುತ್ತಾರೆ. ಅದು ಬಾಗಿಲ ಬಳಿ ನಿಲ್ಲುತ್ತದೆ, ಹಿಡಿಕೆ ತಿರುಗಿಸಿ ಒಳಗೆ ಬರುತ್ತದೆ. ಅಲ್ಲಿಯವರೆಗೆ ಬಾಗಿಲು ತೆರೆಯುವುದು ನಮ್ಮೊಬ್ಬರ ಹಕ್ಕಾಗಿತ್ತು. ನಾವು ಕಷ್ಟಪಟ್ಟು ಪಳಗಿಸಿಕೊಂಡಿದ್ದ ಮನೆ ಆ ಒಂದು ದೃಶ್ಯದಲ್ಲಿ ಮತ್ತೆ ಪರರದಾಗುತ್ತದೆ.

ಮಿಕಾಮಿಯವರೇ 2002ರಲ್ಲಿ ಗೇಮ್‌ಕ್ಯೂಬ್ ಎಂಬ ಆಟದ ಯಂತ್ರಕ್ಕೆ ಈ ಆಟವನ್ನು ಹೊಸದಾಗಿ ಕಟ್ಟಿದಾಗ ಇದೇ ಎಳೆಯನ್ನು ಇನ್ನಷ್ಟು ಬಿಗಿಮಾಡಿದರು. ಕೊಂದ ಜಾಂಬಿಯನ್ನು ಸೀಮೆಎಣ್ಣೆ ಸುರಿದು ಸುಡದಿದ್ದರೆ, ಅದರ ತಲೆ ಪೂರ್ತಿಯಾಗಿ ಹಾರಿಹೋಗಿರದಿದ್ದರೆ, ಸ್ವಲ್ಪ ಕಾಲದ ಮೇಲೆ ಅದು ಕೆಂಪಾಗಿ, ಉಗುರು ಬೆಳೆಸಿಕೊಂಡು, ಮೊದಲಿಗಿಂತ ವೇಗವಾಗಿ ಎದ್ದು ಬರುತ್ತದೆ. ಸೀಮೆಎಣ್ಣೆಯೂ ಮಿತವಾಗಿಯೇ ಇದೆ. ಆದ್ದರಿಂದ ಕೊಲ್ಲುವುದೂ ಪರಿಹಾರವಾಗದೆ ಮುಂದೆ ತೀರಿಸಬೇಕಾದ ಸಾಲವಾಗುತ್ತದೆ. ಯಾವ ಕಾರಿಡಾರಿನಲ್ಲಿ ಹೆಚ್ಚು ಓಡಾಡಬೇಕಾದೀತು ಎಂದು ಮುಂದಾಲೋಚಿಸಿ, ಅಲ್ಲಿ ಬಿದ್ದ ಹೆಣವನ್ನು ಮಾತ್ರ ಸುಡುವುದನ್ನು ಕಲಿಯಬೇಕಾಗುತ್ತದೆ. ಸರಣಿಯ ಮೂಲ ಆಲೋಚನೆ ಇದಕ್ಕಿಂತ ಶುದ್ಧವಾಗಿ ಬೇರೆಲ್ಲೂ ಮೂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಅದಾದ ಮೂರು ವರ್ಷಕ್ಕೆ, 2005ರಲ್ಲಿ, ನಾಲ್ಕನೆಯ ಕಂತು ಬಂದು ಎಲ್ಲವನ್ನೂ ಬದಲಿಸಿತು. ಮೂಲೆಯಲ್ಲಿ ನೆಟ್ಟಂತಿದ್ದ ಕ್ಯಾಮೆರಾ ನಾಯಕ ಲಿಯಾನ್‌ನ ಹೆಗಲ ಹಿಂದಕ್ಕೆ ಬಂತು, ಮಹಲಿನ ಜಾಗದಲ್ಲಿ ಸ್ಪೇನ್ ದೇಶದ ಹಳ್ಳಿ ಬಂತು, ತೂಗಾಡುವ ಜಾಂಬಿಗಳ ಬದಲು ಕೊಡಲಿ ಹಿಡಿದು, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತ ಸುತ್ತುವರಿಯುವ ಮನುಷ್ಯರು ಬಂದರು. ಈ ಆಟವನ್ನು ಸರಣಿಯ ಪತನದ ಆರಂಭವೆಂದು ಕರೆಯುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಗುರಿ ಹಿಡಿಯಬೇಕಾದರೆ ಲಿಯಾನ್ ನಿಂತಲ್ಲೇ ನಿಲ್ಲಬೇಕು ಎಂಬ ಒಂದೇ ನಿಯಮದಿಂದ ಆ ಆಟದ ಭಯವೆಲ್ಲ ಹುಟ್ಟುತ್ತದೆ: ಓಡಬೇಕೋ ಹೊಡೆಯಬೇಕೋ ಎಂಬ ತೀರ್ಮಾನ ಪ್ರತಿ ಎರಡು ಕ್ಷಣಕ್ಕೊಮ್ಮೆ ಎದುರಾಗುತ್ತದೆ. ಹಳ್ಳಿಯ ಮೊದಲ ಕಾಳಗದಲ್ಲಿ ಮನೆಯೊಳಗೆ ಹೊಕ್ಕು, ಬೀರು ತಳ್ಳಿ ಬಾಗಿಲಿಗೆ ಅಡ್ಡಲಾಗಿಟ್ಟು, ಮೇಲಂತಸ್ತಿಗೆ ಓಡಿ, ಕಿಟಕಿಗೆ ಒರಗಿಸಿದ ಏಣಿಯನ್ನು ಒದ್ದು ಕೆಡವಿ, ಅಷ್ಟರಲ್ಲಿ ಗರಗಸದ ಸದ್ದು ಕೆಳಗಿನಿಂದ ಏರಿಬರುವುದನ್ನು ಕೇಳಿದವರಿಗೆ ಅದು ಮನೆಯನ್ನು ಕಲಿಯುವ ಹಳೆಯ ಪಾಠವೇ, ಗಂಟೆಗಳ ಬದಲು ನಿಮಿಷಗಳಲ್ಲಿ ನಡೆಯುತ್ತಿದೆ ಎಂಬುದು ತಿಳಿಯುತ್ತದೆ. ಚರ್ಚಿನ ಗಂಟೆ ಬಾರಿಸಿ ಅವರೆಲ್ಲ ಆಯುಧ ಕೆಳಗೆ ಬಿಟ್ಟು ಹೊರಟುಹೋದಾಗ ಗೆದ್ದೆವು ಎಂದು ಅನ್ನಿಸುವುದಿಲ್ಲ, ಉಳಿದುಕೊಂಡೆವು ಎಂದು ಅನ್ನಿಸುತ್ತದೆ.

ಎಡವಿದ್ದು ನಾಲ್ಕನೆಯದರಿಂದ ಏನನ್ನು ಕಲಿಯಬೇಕು ಎಂಬ ತೀರ್ಮಾನದಲ್ಲಿ. ಅದರ ಹೆಗಲ ಹಿಂದಿನ ಕ್ಯಾಮೆರಾವನ್ನು, ವೇಗವನ್ನು, ಸ್ಫೋಟಗಳನ್ನು ಮುಂದಿನವರು ತೆಗೆದುಕೊಂಡರು. ಕೈಕಟ್ಟಿಹಾಕುವ ಆ ನಿಯಮದ ಬೆಲೆ ಅವರಿಗೆ ಕ್ರಮೇಣ ಕಾಣದಾಯಿತು. 2009ರ ಐದನೆಯ ಕಂತಿನಲ್ಲಿ ಕ್ರಿಸ್‌ನ ಜೊತೆ ಶೇವಾ ಎಂಬ ಸಂಗಾತಿ ಸದಾ ಇರುತ್ತಾಳೆ. ಗೆಳೆಯರೊಬ್ಬರ ಜೊತೆ ಆಡಿದರೆ ಅದು ಬಹಳ ಖುಷಿ ಕೊಡುವ ಆಟ, ಅದನ್ನು ನಾನೂ ಅನುಭವಿಸಿದ್ದೇನೆ. ಆದರೆ ಜೊತೆಗೆ ಇನ್ನೊಬ್ಬರಿದ್ದಾಗ ಮೌನ ಇರುವುದಿಲ್ಲ, ಮೌನವಿಲ್ಲದೆಡೆ ಮುಂದಿನ ಕೋಣೆಯ ಸಪ್ಪಳಕ್ಕೆ ಕಿವಿ ಕೊಡುವವರಿರುವುದಿಲ್ಲ. ಹಗಲ ಬಿಸಿಲಿನಲ್ಲಿ ಒಂದು ಅಧ್ಯಾಯದಿಂದ ಇನ್ನೊಂದಕ್ಕೆ ಮುನ್ನುಗ್ಗುತ್ತ ಹೋಗುವುದೇ ಅದರ ಕ್ರಮ. ಒಮ್ಮೆ ದಾಟಿದ ಜಾಗಕ್ಕೆ ಮತ್ತೆ ಮರಳುವ ಅಗತ್ಯವೇ ಬೀಳುವುದಿಲ್ಲ. ಕೊನೆಯ ಭಾಗದಲ್ಲಿ ಕ್ರಿಸ್ ಬರಿಗೈಯಿಂದ ಗುದ್ದಿ ಗುದ್ದಿ ದೊಡ್ಡ ಬಂಡೆಯೊಂದನ್ನು ಉರುಳಿಸುತ್ತಾನೆ. ಬಂಡೆಯನ್ನೇ ಗುದ್ದಿ ಸರಿಸಬಲ್ಲ ಮನುಷ್ಯನಿಗೆ ಕತ್ತಲ ಕಾರಿಡಾರಿನ ಭಯವಿದೆ ಎಂದು ಆ ಮೇಲೆ ಯಾರನ್ನೂ ನಂಬಿಸಲಾಗದು.

2012ರ ಅಕ್ಟೋಬರಿನಲ್ಲಿ ಬಂದ ಆರನೆಯದು ಎಲ್ಲರನ್ನೂ ಮೆಚ್ಚಿಸಲು ಹೊರಟಿತ್ತು. ಲಿಯಾನ್‌ಗೊಂದು ಕಥೆ, ಕ್ರಿಸ್‌ಗೊಂದು ಕಥೆ, ಜೇಕ್ ಎಂಬ ಹೊಸ ಹುಡುಗನಿಗೊಂದು, ಏಡಾಗೆ ಒಂದು, ಹೀಗೆ ನಾಲ್ಕು ಕಥೆಗಳು ಒಂದನ್ನೊಂದು ಹಾಯುತ್ತ ಹೋಗುತ್ತವೆ. ಹಳೆಯ ಹೆದರಿಕೆ ಬೇಕಾದವರಿಗೆ ಲಿಯಾನ್, ಯುದ್ಧದ ಆಟ ಬೇಕಾದವರಿಗೆ ಕ್ರಿಸ್, ಬೆನ್ನಟ್ಟುವ ರಾಕ್ಷಸ ಬೇಕಾದವರಿಗೆ ಜೇಕ್ ಎಂಬ ಹಂಚಿಕೆ ಅದರಲ್ಲಿ ಎದ್ದು ಕಾಣುತ್ತದೆ. ನನಗೆ ಹೆಚ್ಚು ನೋವಾದದ್ದು ಲಿಯಾನ್‌ನ ಭಾಗದಲ್ಲಿ. ಕತ್ತಲಾದ ವಿಶ್ವವಿದ್ಯಾಲಯದ ಕಟ್ಟಡ, ಮಿಂಚು, ಉದ್ದನೆಯ ಊಟದ ಮೇಜು, ಎಲ್ಲವೂ ಇದೆ. ಆದರೆ ಆ ಕಟ್ಟಡದಲ್ಲಿ ತಪ್ಪು ದಾರಿ ಹಿಡಿಯಲು ಅವಕಾಶವೇ ಇಲ್ಲ. ತೆರೆಯುವ ಬಾಗಿಲು ಒಂದೇ, ಅದು ಮುಂದಿನ ದೃಶ್ಯಕ್ಕೆ ಒಯ್ಯುತ್ತದೆ. ಏನಾದರೂ ದೊಡ್ಡದು ಘಟಿಸುವಾಗ ಪರದೆಯ ಮೇಲೆ ಮೂಡಿದ ಗುಂಡಿಯನ್ನು ಸಮಯಕ್ಕೆ ಸರಿಯಾಗಿ ಒತ್ತುವುದಷ್ಟೇ ನಮ್ಮ ಕೆಲಸ. ಗುಂಡುಗಳು ಮುಗಿದರೆ ಒದೆಯಬಹುದು, ಜಾರಿ ಬೀಳಿಸಬಹುದು, ಕತ್ತು ಹಿಡಿದು ಗೋಡೆಗೆ ಅಪ್ಪಳಿಸಬಹುದು. ಆ ಕೈಕಾಲಿನ ಕಾಳಗದ ಪಟ್ಟುಗಳಲ್ಲಿ ನಿಜಕ್ಕೂ ಆಳವಿದೆ, ಅದನ್ನು ಕಲಿತವರು ಕಥೆಯಿಲ್ಲದೆ ಬರೀ ಕಾಳಗವಿರುವ ಮರ್ಸಿನರೀಸ್ ವಿಭಾಗದಲ್ಲಿ ಅದ್ಭುತವಾಗಿ ಆಡುತ್ತಾರೆ. ಆದರೆ ಹಾಗೆ ಆಡಬಲ್ಲವರನ್ನು ಹೆದರಿಸುವ ಉಪಾಯ ಆಟದ ಬಳಿ ಉಳಿದಿರಲಿಲ್ಲ.

ಆರನೆಯದರ 45 ಲಕ್ಷ ಪ್ರತಿಗಳು ಮೊದಲಿಗೇ ಅಂಗಡಿಗಳಿಗೆ ಹೋಗಿದ್ದವು, 70 ಲಕ್ಷ ಮಾರಾಟವಾಗಬಹುದೆಂದು ಕ್ಯಾಪ್‌ಕಾಮ್ ಅಂದಾಜು ಮಾಡಿತ್ತು, ಆ ಅಂದಾಜನ್ನು ಆಮೇಲೆ ಇಳಿಸಬೇಕಾಯಿತು. ಅದೇ ವರ್ಷ ಹೊರಬಂದ ಆಪರೇಷನ್ ರಕೂನ್ ಸಿಟಿ ಎಂಬ ಪಕ್ಕದ ಕಂತೂ, 2016ರ ಅಂಬ್ರೆಲಾ ಕೋರ್ ಎಂಬ ಇನ್ನೊಂದೂ ಬಂದೂಕಿನ ಆಟಗಳೇ ಆಗಿದ್ದವು. ಅವುಗಳ ಬಗ್ಗೆ ಹೆಚ್ಚು ಹೇಳಲು ನನಗೇನೂ ಇಲ್ಲ. ಈ ನಡುವೆ 2010ರ ಅಮ್ನೇಶಿಯಾದಂತಹ ಚಿಕ್ಕ ತಂಡಗಳ ಆಟಗಳು, ಕೈಯಲ್ಲಿ ಆಯುಧವನ್ನೇ ಕೊಡದೆ, ಪಾತ್ರದ ಕಣ್ಣಿನಿಂದಲೇ ಕತ್ತಲನ್ನು ತೋರಿಸಿ, ಹೆದರಿಕೆ ಎಂದರೆ ಏನೆಂಬುದನ್ನು ಹೊಸ ಪೀಳಿಗೆಗೆ ಕಲಿಸುತ್ತಿದ್ದವು.

ತಿರುವಿನ ಸೂಚನೆ ಮೊದಲು ಸಿಕ್ಕಿದ್ದು 2015ರಲ್ಲಿ ಎಂದು ಈಗ ಹಿಂದಿರುಗಿ ನೋಡಿದಾಗ ಅನ್ನಿಸುತ್ತದೆ. ಆ ವರ್ಷದ ಜನವರಿಯಲ್ಲಿ, 2002ರ ಆ ಗೇಮ್‌ಕ್ಯೂಬ್ ಆಟವನ್ನು ಹೊಸ ಯಂತ್ರಗಳಿಗೆ ತಕ್ಕಂತೆ ಸ್ವಚ್ಛಗೊಳಿಸಿ ಮತ್ತೆ ಬಿಡುಗಡೆ ಮಾಡಿದರು. ಕ್ಯಾಮೆರಾ ಅದೇ, ಸೀಮೆಎಣ್ಣೆ ಅದೇ, ರಿಬ್ಬನ್ ಅದೇ. ಜನ ಮುಗಿಬಿದ್ದು ಕೊಂಡರು. ಅದೇ ಆಗಸ್ಟ್‌ನಲ್ಲಿ ನಿರ್ಮಾಪಕ ಯೋಶಿಯಾಕಿ ಹಿರಾಬಯಾಶಿ ಒಂದು ಪುಟ್ಟ ವಿಡಿಯೋದಲ್ಲಿ ಕಾಣಿಸಿಕೊಂಡು, ಎರಡನೆಯ ಕಂತನ್ನು ಹೊಸದಾಗಿ ಮಾಡುತ್ತೇವೆ ಎಂದು ಅಂಗಿಯ ಮೇಲೆ ಬರೆದುಕೊಂಡೇ ಘೋಷಿಸಿದರು. ಆ ವಿಡಿಯೋವನ್ನು ನಾನು ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ.

ಆದರೆ 2016ರ ಜೂನ್‌ನಲ್ಲಿ ಏಳನೆಯ ಕಂತಿನ ಮೊದಲ ತುಣುಕು ಬಂದಾಗ ನನ್ನ ಉತ್ಸಾಹ ಕುಗ್ಗಿತು. ಪಾತ್ರದ ಕಣ್ಣಿನಿಂದ ನೋಡುವ ಕ್ಯಾಮೆರಾ, ಹೆಸರೇ ಕೇಳಿರದ ನಾಯಕ, ಪರಿಚಿತ ಮುಖಗಳಲ್ಲಿ ಒಂದೂ ಇಲ್ಲ. ಬೇರೆ ಯಾರದೋ ಆಟಕ್ಕೆ ನಮ್ಮ ಸರಣಿಯ ಹೆಸರು ಅಂಟಿಸಿದ್ದಾರೆ ಎಂದುಕೊಂಡೆ. ಅಂದು ನಾನು ಮಾಡಿದ ತಪ್ಪು ಎಷ್ಟು ದೊಡ್ಡದು ಎಂಬುದು ಆಟದ ಒಳಗೆ ಹೊಕ್ಕ ಮೊದಲ ಎರಡು ಗಂಟೆಗಳಲ್ಲೇ ತಿಳಿಯಿತು.

ಕೋಶಿ ನಕಾನಿಶಿ ನಿರ್ದೇಶಿಸಿದ ಈ ಆಟದ ಕಥೆ ಸರಳ. ಮೂರು ವರ್ಷಗಳ ಹಿಂದೆ ಕಾಣೆಯಾದ ಹೆಂಡತಿ ಮಿಯಾಳಿಂದ ಸಂದೇಶ ಬಂದದ್ದರಿಂದ ಎಥನ್ ವಿಂಟರ್ಸ್ ಎಂಬ ಸಾಮಾನ್ಯ ಮನುಷ್ಯ ಲೂಸಿಯಾನಾದ ಜೌಗು ಪ್ರದೇಶದ ಡಲ್ವಿ ಎಂಬಲ್ಲಿನ ಪಾಳುಮನೆಗೆ ಬರುತ್ತಾನೆ, ಆ ಮನೆಯ ಬೇಕರ್ ಕುಟುಂಬದ ಕೈಗೆ ಸಿಕ್ಕಿಬೀಳುತ್ತಾನೆ. ಅವನಿಗೆ ಪೊಲೀಸ್ ತರಬೇತಿ ಇಲ್ಲ, ಒದೆಯಲು ಬಾರದು, ಹೊಡೆತ ಬಂದರೆ ಎರಡೂ ಕೈಗಳನ್ನು ಮುಖದ ಮುಂದೆ ಅಡ್ಡ ಹಿಡಿಯುವುದೊಂದೇ ಅವನಿಗೆ ಗೊತ್ತಿರುವುದು. ಆ ಕೈಗಳೇ ಆಟದುದ್ದಕ್ಕೂ ನಮ್ಮ ಕಣ್ಣೆದುರು ಇರುವ ಅವನ ದೇಹ. ಅವುಗಳ ಮೇಲೆ ಗಾಯಗಳಾಗುತ್ತವೆ, ಔಷಧಿ ಸುರಿದಾಗ ಅವು ನಡುಗುತ್ತವೆ. ಮನೆಯೊಡೆಯ ಜ್ಯಾಕ್ ಬೇಕರ್ ಗೋಡೆ ಒಡೆದು ಬರುತ್ತಾನೆ, ಎಷ್ಟು ಗುಂಡು ಹೊಡೆದರೂ ಎದ್ದು ಕೂರುತ್ತಾನೆ, ನಾವು ಮೇಜಿನ ಮರೆಯಲ್ಲಿ ಅವಿತಾಗ ಪಕ್ಕದ ಕೋಣೆಯಲ್ಲಿ ಗೊಣಗುತ್ತ, ಹೆಸರು ಹಿಡಿದು ಕರೆಯುತ್ತ ತಿರುಗುತ್ತಾನೆ. ಹಳೆಯ ಕಂತುಗಳ ಯಾವ ರಾಕ್ಷಸನೂ ಹೀಗೆ ತನ್ನ ಸ್ವಂತ ಮನೆಯಲ್ಲಿ ನನ್ನನ್ನು ಹುಡುಕಿರಲಿಲ್ಲ.

ಹೊರಗಿನಿಂದ ಎಲ್ಲವೂ ಹೊಸದು. ಒಳಗೆ ನಿಧಾನವಾಗಿ ಹಳೆಯ ಮಹಲು ಎದ್ದು ನಿಲ್ಲುತ್ತದೆ. ದೊಡ್ಡ ಹಜಾರದ ಬಾಗಿಲನ್ನು ತೆರೆಯಲು ಮೂರು ನಾಯಿತಲೆಗಳ ಫಲಕಗಳನ್ನು ಹುಡುಕಿ ತರಬೇಕು. ಚೇಳಿನ ಗುರುತಿನ ಕೀಲಿಕೈ, ಕಾಗೆಯ ಗುರುತಿನ ಕೀಲಿಕೈ ಎಂದು ಮತ್ತೆ ಗುರುತುಗಳು ಬಂದಿವೆ, ಆ ಗುರುತಿನ ಬಾಗಿಲುಗಳನ್ನು ನಾವು ಮೊದಲೇ ದಾಟಿ ಬಂದಿರುತ್ತೇವೆ. ಹಸಿರು ಪೆಟ್ಟಿಗೆ ಇದೆ. ಟೈಪ್‌ರೈಟರ್‌ನ ಜಾಗದಲ್ಲಿ ಟೇಪ್ ರೆಕಾರ್ಡರ್ ಇದೆ. ಪ್ರತಿಮೆಯೊಂದರ ಕೈಯಿಂದ ಶಾಟ್‌ಗನ್ ಎತ್ತಿಕೊಂಡರೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ, ಅದರ ಬದಲು ಕೆಟ್ಟ ಶಾಟ್‌ಗನ್ ಒಂದನ್ನು ತಂದಿಟ್ಟರೆ ಮಾತ್ರ ತೆರೆಯುತ್ತದೆ. 1996ರ ಮಹಲಿನಲ್ಲಿಯೂ ಗೋಡೆಯ ಮೇಲಿನ ಶಾಟ್‌ಗನ್ ತೆಗೆದರೆ ಪಕ್ಕದ ಕೋಣೆಯ ಚಾವಣಿ ಕೆಳಗಿಳಿಯುತ್ತಿತ್ತು, ಅದಕ್ಕೂ ಇದೇ ಪರಿಹಾರವಿತ್ತು. ಆ ಕೆಟ್ಟ ಶಾಟ್‌ಗನ್ ನನ್ನ ಕೈಗೆ ಸಿಕ್ಕಿದಾಗ, ಯಾರೂ ಏನೂ ಹೇಳದಿದ್ದರೂ ಅದನ್ನು ಎಲ್ಲಿಗೆ ಒಯ್ಯಬೇಕೆಂದು ನನಗೆ ಗೊತ್ತಿತ್ತು. ಬಹುಕಾಲ ಮಾತು ಬಿಟ್ಟಿದ್ದ ಗೆಳೆಯ ಎದುರಿಗೆ ಬಂದು ಹಳೆಯ ಹೆಸರಿನಿಂದ ಕರೆದಂತಾಯಿತು.

ಆದರೆ ಇಂತಹ ನೆನಪಿನ ಗುರುತುಗಳಿಂದಷ್ಟೇ ಯಾವ ಸರಣಿಯೂ ಉಳಿಯಲಾರದು; ಆರನೆಯ ಕಂತಿನಲ್ಲಿಯೂ ನೆನಪುಗಳಿಗೆ ಕೊರತೆಯಿರಲಿಲ್ಲ. ಏಳನೆಯದರಲ್ಲಿ ಮರಳಿ ಬಂದದ್ದು ತೂಗಿ ನೋಡುವ ಕಷ್ಟ. ಒಂದು ಬಗೆಯ ರಾಸಾಯನಿಕ ದ್ರವದ ಬಾಟಲಿಗಳು ಮನೆಯಲ್ಲಿ ಅಲ್ಲಲ್ಲಿ ಸಿಗುತ್ತವೆ. ಅದನ್ನು ಸೊಪ್ಪಿನೊಂದಿಗೆ ಬೆರೆಸಿದರೆ ಔಷಧಿಯಾಗುತ್ತದೆ, ಮದ್ದಿನಪುಡಿಯೊಂದಿಗೆ ಬೆರೆಸಿದರೆ ಗುಂಡುಗಳಾಗುತ್ತವೆ. ಅಂದರೆ ಇಂದು ಗುಂಡು ಮಾಡಿಕೊಂಡರೆ ನಾಳೆಯ ಗಾಯಕ್ಕೆ ಔಷಧಿ ಇಲ್ಲ. ಬೆರೆಸದೆ ಹಾಗೆಯೇ ಇಟ್ಟುಕೊಂಡರೆ ಚೀಲದಲ್ಲಿ ಜಾಗ ತಿನ್ನುತ್ತದೆ. ಪೆಟ್ಟಿಗೆಯ ಮುಂದೆ ಕುಳಿತು ನಾನು ಅದೊಂದು ಬಾಟಲಿಯನ್ನು ಒಳಗಿಟ್ಟು, ಹೊರತೆಗೆದು, ಮತ್ತೆ ಒಳಗಿಟ್ಟದ್ದುಂಟು. ಆ ಹತ್ತು ನಿಮಿಷಗಳಲ್ಲಿ ಯಾವ ರಾಕ್ಷಸನೂ ಬರಲಿಲ್ಲ, ಯಾವ ಸದ್ದೂ ಆಗಲಿಲ್ಲ, ಆದರೆ ಹೆದರಿಕೆ ಅಲ್ಲಿಯೇ ಹುಟ್ಟುತ್ತಿತ್ತು. ಹೊರಗಿನ ಕಾರಿಡಾರಿಗೆ ಅದನ್ನು ನಾನೇ ಹೊತ್ತುಕೊಂಡು ಹೋಗುತ್ತಿದ್ದೆ.

ಕೊರತೆಗಳನ್ನು ಮುಚ್ಚಿಡುವುದು ಸರಿಯಲ್ಲ. ಕೆಸರಿನ ಆ ಆಕೃತಿಗಳಲ್ಲಿ ಬಗೆಗಳು ತೀರಾ ಕಡಿಮೆ, ಅರ್ಧ ಆಟದ ಹೊತ್ತಿಗೆ ಎಲ್ಲವನ್ನೂ ನೋಡಿಬಿಟ್ಟಿರುತ್ತೇವೆ. ಮನೆಯನ್ನು ಬಿಟ್ಟು ಹಡಗಿಗೆ, ಅಲ್ಲಿಂದ ಗಣಿಗೆ ಹೋದ ಮೇಲೆ ಆಟ ಸೊರಗುತ್ತದೆ. ಗಣಿಯಲ್ಲಂತೂ ಕೈತುಂಬ ಗುಂಡು ಕೊಟ್ಟು ಮುಂದಕ್ಕೆ ನೂಕುತ್ತಾರೆ, ಹಳೆಯ ತಪ್ಪಿನ ನೆರಳು ಮತ್ತೆ ಕಾಣಿಸುತ್ತದೆ. ಮಾರಾಟದಲ್ಲಿಯೂ ಆರಂಭ ಮಂದವಾಗಿತ್ತು: ಮೊದಲು ಅಂಗಡಿಗಳಿಗೆ ಹೋದದ್ದು 25 ಲಕ್ಷ ಪ್ರತಿಗಳು, ಆರನೆಯದಕ್ಕಿಂತ ಬಹಳ ಕಡಿಮೆ. ಹಿಂದಿನ ಆಟ ಕಳೆದುಕೊಂಡಿದ್ದ ನಂಬಿಕೆಯ ಸಾಲವನ್ನು ಇದು ತೀರಿಸಬೇಕಾಯಿತು. ಆದರೆ ಆಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ ಹೇಳಿದರು, 2021ರ ಹೊತ್ತಿಗೆ ಅದು 1 ಕೋಟಿಯನ್ನು ದಾಟಿತ್ತು.

ಏಳನೆಯದು ಆಕಸ್ಮಿಕವಾಗಿ ಕೈಗೂಡಿದ ಗೆಲುವಲ್ಲ ಎಂಬುದು ಖಚಿತವಾದದ್ದು 2019ರ ಜನವರಿಯಲ್ಲಿ, ಅಂಗಿಯ ಮೇಲೆ ಬರೆದು ಮಾತು ಕೊಟ್ಟಿದ್ದ ಎರಡನೆಯ ಕಂತಿನ ರಿಮೇಕ್ ಬಂದಾಗ. ಹಿಡೆಕಿ ಕಮಿಯಾ 1998ರಲ್ಲಿ ನಿರ್ದೇಶಿಸಿದ್ದ ಆಟದ ರಕೂನ್ ಸಿಟಿ ಪೊಲೀಸ್ ಠಾಣೆ ಇಲ್ಲಿ ಹೆಗಲ ಹಿಂದಿನ ಕ್ಯಾಮೆರಾದಿಂದ ಕಾಣುತ್ತದೆ. ಐದು ಮತ್ತು ಆರನೆಯದನ್ನು ಕೆಡಿಸಿತು ಎಂದು ನಾವೆಲ್ಲ ದೂರುತ್ತಿದ್ದ ಕ್ಯಾಮೆರಾ ಅದೇ! ಅದೇ ಕ್ಯಾಮೆರಾದಲ್ಲಿ ನಾನು ಈ ಸರಣಿಯಲ್ಲೇ ಅತಿ ಹೆಚ್ಚು ಹೆದರಿದೆ. ಜಾಂಬಿಗಳ ತಲೆಗೆ ಎಷ್ಟು ಗುಂಡು ಬೇಕೆಂಬುದು ಪ್ರತಿ ಬಾರಿಯೂ ಬೇರೆ. ಬಿದ್ದದ್ದು ಸತ್ತಿದೆ ಎಂದು ನಂಬುವಂತಿಲ್ಲ. ಕಿಟಕಿಗಳಿಗೆ ಹೊಡೆಯಲು ಹಲಗೆಗಳು ಸಿಗುತ್ತವೆ, ಆದರೆ ಕಿಟಕಿಗಳ ಸಂಖ್ಯೆಗಿಂತ ಹಲಗೆಗಳು ಕಡಿಮೆ. ಇಡೀ ಠಾಣೆಯಲ್ಲಿ ಯಾವ ಕಾರಿಡಾರು ನನಗೆ ಹೆಚ್ಚು ಬೇಕಾದೀತು ಎಂಬ ಹಳೆಯ ಸೀಮೆಎಣ್ಣೆಯ ಪ್ರಶ್ನೆಯನ್ನೇ ಆ ಹಲಗೆಗಳು ಕೇಳುತ್ತವೆ. ನಕ್ಷೆಯಲ್ಲಿ ಇನ್ನೂ ಏನಾದರೂ ಉಳಿದಿರುವ ಕೋಣೆ ಕೆಂಪಾಗಿರುತ್ತದೆ, ಎಲ್ಲವನ್ನೂ ಎತ್ತಿಕೊಂಡ ಮೇಲೆ ನೀಲಿಯಾಗುತ್ತದೆ. ಕೆಂಪು ಕೋಣೆ ನೀಲಿಯಾದಾಗ ಆಗುವ ಸಮಾಧಾನ ಚಿಕ್ಕದೇನಲ್ಲ.

ಆಮೇಲೆ ಉದ್ದನೆಯ ಕೋಟು, ಟೋಪಿ ತೊಟ್ಟ ಆ ದೈತ್ಯ ಬರುತ್ತಾನೆ. ಅವನು ಓಡುವುದಿಲ್ಲ, ಕೂಗುವುದಿಲ್ಲ, ಸಾಯುವುದಿಲ್ಲ, ಸುಮ್ಮನೆ ನಡೆಯುತ್ತಾನೆ. ಮೇಲಂತಸ್ತಿನಲ್ಲಿ ಅವನ ಬೂಟಿನ ಸದ್ದು ಕೇಳಿಸುತ್ತದೆ, ಬಾಗಿಲು ದಡಾರನೆ ತೆರೆದ ಸದ್ದು ಕೇಳಿಸುತ್ತದೆ. ಠಾಣೆಯ ಪಶ್ಚಿಮ ಭಾಗದ ಕಾರಿಡಾರೊಂದರಲ್ಲಿ ಲಿಕ್ಕರ್ ಎಂಬ ಪ್ರಾಣಿಗಳಿವೆ. ಚರ್ಮ ಸುಲಿದಂತಿರುವ ಅವುಗಳಿಗೆ ಕಣ್ಣು ಕಾಣದು, ಕಿವಿ ಬಹಳ ಚುರುಕು. ಅಲ್ಲಿ ಹೆಜ್ಜೆಯ ಸದ್ದಾಗದಂತೆ ನಿಧಾನವಾಗಿ ನಡೆದರೆ ಬದುಕಬಹುದು. ನಾನು ಆ ಕಾರಿಡಾರಿನ ನಡುವಿನಲ್ಲಿದ್ದೆ, ಚಾವಣಿಗೆ ಅಂಟಿಕೊಂಡಿದ್ದ ಒಂದು ಲಿಕ್ಕರ್‌ನ ನಾಲಿಗೆ ತಲೆಯ ಮೇಲೆಯೇ ಆಡುತ್ತಿತ್ತು, ಹಿಂದಿನ ಬಾಗಿಲು ತೆರೆಯಿತು, ಬೂಟಿನ ಸದ್ದು ಒಳಗೆ ಬಂತು. ಓಡಿದರೆ ಇದು ಕೇಳಿಸಿಕೊಳ್ಳುತ್ತದೆ, ಓಡದಿದ್ದರೆ ಅವನು ಹಿಡಿಯುತ್ತಾನೆ. ಇದನ್ನು ಯಾರೂ ದೃಶ್ಯವಾಗಿ ಬರೆದಿಟ್ಟಿರಲಿಲ್ಲ, ಪರದೆಯ ಮೇಲೆ ಯಾವ ಗುಂಡಿಯೂ ಮೂಡಲಿಲ್ಲ. ಹತ್ತು ನಿಮಿಷಗಳ ಹಿಂದೆ ಗುಂಡು ಉಳಿಸಲೆಂದು ಇನ್ನೊಂದು ಕಾರಿಡಾರಿನಲ್ಲಿ ಎರಡು ಜಾಂಬಿಗಳನ್ನು ಕೊಲ್ಲದೆ ಬಿಟ್ಟು, ಆ ದಾರಿ ಬೇಡವೆಂದು ಈ ದಾರಿ ಹಿಡಿದಿದ್ದೆ. ಅಂದು ಉಳಿಸಿದ ಗುಂಡುಗಳ ಸುಂಕವನ್ನು ಈಗ ಕೇಳುತ್ತಿದ್ದರು, ಅಷ್ಟೇ.

ಈ ರಿಮೇಕಿನ ಇಬ್ಬರು ನಿರ್ದೇಶಕರಲ್ಲಿ ಒಬ್ಬರು ಯಾಸುಹಿರೊ ಆನ್ಪೊ. ಬಂಡೆ ಗುದ್ದುವ ಐದನೆಯ ಕಂತನ್ನು ನಿರ್ದೇಶಿಸಿದ ಇಬ್ಬರಲ್ಲಿಯೂ ಅವರೇ ಒಬ್ಬರು. ಇದು ನನಗೆ ತಿಳಿದಾಗ ಹಿಂದಿನ ವರ್ಷಗಳಲ್ಲಿ ನಾನು ಆಡಿದ ಎಷ್ಟೋ ಮಾತುಗಳು ಅನ್ಯಾಯದವು ಎನ್ನಿಸಿತು. ಮಿಕಾಮಿ ಕಂಪನಿ ಬಿಟ್ಟು ಹೋದರು, ಕಮಿಯಾ ಬಿಟ್ಟು ಹೋದರು, ಉಳಿದವರಿಗೆ ಈ ಕಲೆ ಬಾರದು ಎಂದು ನಾನು ದೃಢವಾಗಿ ನಂಬಿದ್ದೆ. ಕಲೆ ಬರುತ್ತಿತ್ತು. ಎಲ್ಲರಿಗೂ ಇಷ್ಟವಾಗುವ, ಜೊತೆಯಾಗಿ ಆಡುವ, ದೊಡ್ಡ ಯುದ್ಧದ ಆಟ ಬೇಕೆಂದಾಗ ಆ ಕೈಗಳು ಅದನ್ನು ಮಾಡಿಕೊಟ್ಟವು. ಒಂಟಿ ಮನುಷ್ಯ, ಒಂದು ಕಟ್ಟಡ, ಎಣಿಸಿಟ್ಟ ಗುಂಡುಗಳು ಎಂದಾಗ ಅದನ್ನೂ ಮಾಡಿಕೊಟ್ಟವು.

ಅಲ್ಲಿಂದೀಚೆಗೆ ಎಲ್ಲವೂ ಚಿನ್ನವೇ ಆಗಿದೆ ಎಂದೇನೂ ಹೇಳುತ್ತಿಲ್ಲ. 2020ರ ಮೂರನೆಯ ಕಂತಿನ ರಿಮೇಕ್ ನನಗೆ ಬೇಸರ ತಂದಿತು. ಮೂಲದಲ್ಲಿದ್ದ ಗಡಿಯಾರ ಗೋಪುರದ ಒಳಭಾಗವನ್ನೇ ಕೈಬಿಟ್ಟಿದ್ದಾರೆ, ಬೀದಿಗಳನ್ನು ಸರಿಯಾಗಿ ಪರಿಚಯ ಮಾಡಿಕೊಳ್ಳುವ ಮೊದಲೇ ಅವುಗಳಿಂದ ಹೊರಡಿಸುತ್ತಾರೆ. 2021ರ ವಿಲೇಜ್ ಎಂಬ ಎಂಟನೆಯ ಕಂತಿನಲ್ಲಿ ಎಥನ್ ಮರಳಿ ಬಂದ, ಅದರಲ್ಲಿ ಬೆನೆವಿಯೆಂಟೊ ಮನೆಯ ಭಾಗ ಒಂದೇ ಸಾಕು, ಅಲ್ಲಿ ಆಯುಧಗಳನ್ನೆಲ್ಲ ಕಸಿದುಕೊಂಡು ನೆಲಮಾಳಿಗೆಗೆ ಕಳಿಸುತ್ತಾರೆ. ಉಳಿದ ಆಟ ಕೋಟೆ, ಕಾರ್ಖಾನೆ ಎಂದು ಹಲವು ಕಡೆ ಹರಡಿಕೊಂಡಿದೆ. 2023ರ ನಾಲ್ಕನೆಯದರ ರಿಮೇಕಿನಲ್ಲಿ ಗರಗಸವನ್ನೂ ಚಾಕುವಿನಿಂದ ತಡೆಯಬಹುದು, ಆದರೆ ತಡೆದಷ್ಟೂ ಚಾಕು ಸವೆಯುತ್ತದೆ. ಇಷ್ಟು ದೊಡ್ಡ ಸಾಹಸದ ಆಟದಲ್ಲಿಯೂ ಆ ಸವೆತವನ್ನು ಇಟ್ಟದ್ದನ್ನು ಕಂಡು, ಇವರಿಗೆ ಈಗ ಗೊತ್ತಿದೆ ಎಂದುಕೊಂಡೆ.

ಕಳೆದ ಕೆಲವು ವಾರಗಳಿಂದ ಏಳನೆಯದನ್ನು ಮತ್ತೆ ಆಡುತ್ತಿದ್ದೇನೆ, ಈ ಸಲ ಮ್ಯಾಡ್‌ಹೌಸ್ ಎಂಬ ಕಠಿಣ ಹಂತದಲ್ಲಿ. ಇಲ್ಲಿ ವಸ್ತುಗಳಿರುವ ಜಾಗಗಳನ್ನು ಬದಲಿಸಿದ್ದಾರೆ, ಜ್ಯಾಕ್‌ನ ನಡಿಗೆಯೂ ಬಿರುಸಾಗಿದೆ. ಟೇಪ್ ರೆಕಾರ್ಡರ್‌ನಲ್ಲಿ ಸೇವ್ ಮಾಡಬೇಕಾದರೆ ಪ್ರತಿ ಸಲವೂ ಒಂದು ಕ್ಯಾಸೆಟ್ ಬೇಕು, ಕ್ಯಾಸೆಟ್‌ಗಳನ್ನು ಮನೆಯಲ್ಲಿ ಹುಡುಕಿ ತರಬೇಕು. ನಿನ್ನೆ ರಾತ್ರಿ ಚೇಳಿನ ಗುರುತಿನ ಕೀಲಿಕೈ ಸಿಕ್ಕಿತು. ಸುರಕ್ಷಿತ ಕೋಣೆಗೆ ಬಂದು, ರೆಕಾರ್ಡರ್‌ನ ಮುಂದೆ ನಿಂತು, ಚೀಲ ತೆರೆದು ನೋಡಿದೆ: ಒಂದು ಕ್ಯಾಸೆಟ್, ಏಳು ಗುಂಡುಗಳು, ದ್ರವದ ಬಾಟಲಿ ಒಂದು. ನೆಲಮಾಳಿಗೆಗೆ ಹೋಗುವ ಮೊದಲು ಸೇವ್ ಮಾಡಬೇಕೋ, ಅಲ್ಲಿಂದ ಬದುಕಿ ವಾಪಸು ಬಂದ ಮೇಲೆ ಮಾಡಬೇಕೋ ಎಂದು ಬಹಳ ಹೊತ್ತು ಯೋಚಿಸಿದೆ. ಕ್ಯಾಸೆಟ್ಟನ್ನು ಬಳಸದೆ ಬಾಗಿಲು ತೆರೆದೆ.